ನೆರಿಗೆ ಗೋಡೆಯ ಆಚೆ ಇದೆ

ಭಾನುವಾರ ಒಂಬತ್ತೂವರೆಯ ಪ್ರೈವೇಟ್ ಬಸ್ಸಿನಿಂದ
ಇಳಿದಳು ಆ ಹುಡುಗಿ. ಪೊನ್ನಂಪೇಟೆಯಲ್ಲಿ
ಕಾಡಿನ ಓದು ಓದಲು ಇಥಿಯೋಪಿಯಾದಿಂದ ಬಂದವಳು.
ಹೆಸರು ತ್ಸೆಹಾಯ್, ಸೂರ್ಯ ಅಂತ ಅರ್ಥವಂತೆ.
ನನ್ನ ಬಾಯಲ್ಲಿ ಅದು ಸಹಾಯ ಆಯಿತು.
ಅವಳು ತಿದ್ದಲಿಲ್ಲ.

ನನ್ನ ನಂಬರ್ ಎಲ್ಲಿ ಸಿಕ್ಕಿತು ಅಂದೆ.
ಗಣಪತಿಯ ಇಲಿಯ ಕೆಳಗೆ, ಅಂದಳು,
ಕೊನೆಯ ಅಂಕಿ ಅಳಿಸಿಹೋಗಿತ್ತು,
ಸೊನ್ನೆಯಿಂದ ಹಿಡಿದು ಏಳು ಜನರನ್ನು ಎಬ್ಬಿಸಿ
ಆಮೇಲೆ ನೀವು.
ವಿರಾಜಪೇಟೆಯಲ್ಲಿ ನನ್ನನ್ನು
ಇಷ್ಟು ಕಷ್ಟಪಟ್ಟು ಹುಡುಕಿದವರಿಲ್ಲ.
ಫ್ಲೆಕ್ಸ್ ಬಂದು ಅಕ್ಷರದ ಕೆಲಸ ಹೋಯಿತು;
ಉಳಿದದ್ದು ದೇವರು,
ಅದೂ ಕಾಂಪೌಂಡಿನ ಮೇಲೆ.

ಅವಳ ಕನ್ನಡ ಹಾಸ್ಟೆಲಿನ ಅಡುಗೆಯವಳು ಕಲಿಸಿದ್ದು,
ಮಾತೆಲ್ಲ ಬಡಿಸಿದ ಹಾಗೆ.
"ದೇವರು ಒಳಗೆ ಸಾಕಾಗಲ್ವಾ? ರಸ್ತೆಗೂ ಬೇಕಾ?"
ಹೇಗೆ ಹೇಳಲಿ. ಪರದೇಶದ ಹೆಣ್ಣುಮಗು.
"ನಮ್ಮ ಗಂಡಸರು ಗೋಡೆ ಕಂಡರೆ ನಿಲ್ಲುತ್ತಾರಮ್ಮ."
ಮೊದಲು ಸುಮ್ಮನಿದ್ದಳು. ಆಮೇಲೆ ನಕ್ಕಳು,
ಗಡಿಯಾರ ಕಂಬದ ಪಾರಿವಾಳ ಹಾರುವಷ್ಟು.

ತೆಲುಗರ ಬೀದಿಯ ತಿರುವಿನಲ್ಲಿ ಸಾಲಾಗಿ ಮೂರು ಟೈಲ್ಸ್:
ಶಿಲುಬೆ, ಚಂದ್ರ, ಲಕ್ಷ್ಮಿ,
ಒಂದೇ ಪೆಟ್ಟಿಗೆಯಲ್ಲಿ ಲಾರಿಯಿಂದ ಇಳಿದವು.
ಮುಟ್ಟಿ ನೋಡಿ, ಇದಕ್ಕೆ ಕೈ ಇಲ್ಲ ಅಂದಳು.
ಲಕ್ಷ್ಮಿಗೆ ನಾಲ್ಕಿದೆಯಲ್ಲ ಅಂದೆ.
ಅದಲ್ಲ. ಬರೆದವನ ಕೈ.
ಆ ಮಾತಿಗೆ ನಾನು ಒಂದು ಊಟ ಕೊಡಿಸಬೇಕಿತ್ತು,
ಅವಳಿಗೆ ಉಪವಾಸ.
ಐವತ್ತೈದು ದಿನ ಹಾಲಿಲ್ಲ, ಮೊಟ್ಟೆಯಿಲ್ಲ, ಮಾಂಸವಿಲ್ಲ.
ಬೆಲ್ಲದ ಕಾಪಿ ಕುಡಿದೆವು.
ಕಾಪಿ ನಮ್ಮೂರಿನದು ಅಂದಳು.
ಹೋಟೆಲಿನ ಬೋಪಣ್ಣ ಒಪ್ಪಲಿಲ್ಲ,
ತೋಟದ ಕಡೆಗೆ ಕೈ ತೋರಿಸಿದ.
ಹೂ ಬಿಟ್ಟಿತ್ತು, ಗಾಳಿ ಪೂರ್ತಿ ಅದೇ.

ಸಾಮಿಲ್ಲಿನ ಹಿಂದೆ ನನ್ನ ಕಾವೇರಮ್ಮ,
ಎನಾಮೆಲ್, ಎರಡು ಕೋಟು,
ಕೊಡ ಒರಗಿಸಿಕೊಂಡು ನೇರ ನಿಂತಿದ್ದಾಳೆ.
ಇಲ್ಲಿಯವರ ಸೀರೆಗೆ ನೆರಿಗೆ ಹಿಂದಕ್ಕೆ,
ನೀರಿನ ರಭಸಕ್ಕೆ ಸರಿದದ್ದು ಅಂತ ಕಥೆ ಹೇಳಿದೆ.
ಎಲ್ಲಿ, ಕಾಣಲ್ವಲ್ಲ?
ಬರೆದಿದ್ದೇನೆ, ಅಂದೆ. ಗೋಡೆಯ ಆಚೆ ಇದೆ.

ಸಹಾಯ ಎದ್ದು ಹೋದಳು. ನಿಜವಾಗಿಯೂ
ಸುತ್ತಿ ಹೋಗಿ, ಮರದ ಹೊಟ್ಟಿನ ರಾಶಿ ಹತ್ತಿ,
ಆ ಕಡೆಯ ಬರೀ ಇಟ್ಟಿಗೆಯನ್ನು
ತುಂಬ ಹೊತ್ತು ನೋಡಿ ಬಂದಳು.
ಚೆನ್ನಾಗಿದೆ, ಅಂದಳು.
ನಾನು ನಗಲು ಬಾಯಿ ತೆರೆದವನು ಮುಚ್ಚಿದೆ.

ಆಮೇಲೆ ತನ್ನ ಊರಿನ ಇಗರ್ಜಿಯ ಮಾತು.
ಗುಂಡನೆಯ ಮಣ್ಣುಗೋಡೆ, ಅಜ್ಜ ಬಣ್ಣ ಅರೆಯುತ್ತಿದ್ದನಂತೆ.
ಸಂತರಿಗೆ ಎರಡು ಕಣ್ಣು, ದೊಡ್ಡವು, ನಮ್ಮನ್ನೇ ನೋಡುವಂಥವು.
ಕೆಟ್ಟವರನ್ನು ಪಕ್ಕದಿಂದ ಬರೆಯುತ್ತಾರೆ,
ಅವರಿಗೆ ಒಂದೇ ಕಣ್ಣು.
"ನಿಮ್ಮ ಗೋಡೆಯಲ್ಲಿ ಕೆಟ್ಟವರೇ ಇಲ್ವಾ?"
ಅವರು ಬರುತ್ತಾರಮ್ಮ, ಅಂದೆ,
ಆ ಕಡೆ ಈ ಕಡೆ ನೋಡಿ, ಪ್ಯಾಂಟು ಸಡಿಲಿಸುತ್ತ,
ಪಕ್ಕದಿಂದಲೇ.

ಸಂಜೆ ಬಸ್ ಸ್ಟ್ಯಾಂಡಿನ ಕಟ್ಟೆಯಲ್ಲಿ
ನನ್ನನ್ನು ಬರೆಯುತ್ತೇನೆ ಅಂದಳು.
ಐವತ್ತೆರಡು ವರ್ಷ ಬೇರೆಯವರನ್ನೇ ಬರೆದ ಮುಖ ಇದು.
ನೆಟ್ಟಗೆ ಕೂತೆ, ಎರಡು ಕಣ್ಣೂ ಬಿಟ್ಟುಕೊಂಡು,
ರೆಪ್ಪೆ ಬಡಿಯಲೂ ಭಯ.
ಅಷ್ಟರಲ್ಲಿ ಯಾರೋ ಗೋಡೆಗೆ ತಿರುಗಿ ನಿಂತರು.
ಲೇ ಅಂದೆ, ತಿರುಗಿದೆ, ಗದರಿದೆ.
ಗೋಣಿಕೊಪ್ಪದ ಬಸ್ಸು ಹಾರನ್ ಹೊಡೆಯಿತು.

ಓಡುತ್ತ ಪುಸ್ತಕ ಎತ್ತಿ ತೋರಿಸಿದಳು:
ಮೂಗು, ಗದರಿದ ಬಾಯಿ,
ಒಂದು ಕಣ್ಣು.
ಮುಗಿದಿಲ್ಲ, ಮುಗಿದಿಲ್ಲ, ಎಂದು ಕೂಗಿದಳು ಕಿಟಕಿಯಿಂದ,
ಮುಂದಿನ ಭಾನುವಾರ.

ಇವತ್ತು ಬುಧವಾರ.
ಗಣಪತಿಯ ಇಲಿಯ ಕೆಳಗೆ
ಕೊನೆಯ ಏಳನ್ನು ತಿದ್ದಿ ಬರೆದೆ.